ನಳಿಗೆ ಬರುವವರೆಗೆ ಏನು ಮಾಡುತ್ತೀರಿ?

ಕಳೆದ ವರ್ಷ ಯುಗಾದಿ ಕಳೆದ ವಾರ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸಣ್ಣ ಪಂಚಾಯಿತಿ ನಡೆಯಿತು. ಶ್ರೀನಿವಾಸಪುರ ತಾಲ್ಲೂಕಿನ ನಮ್ಮೂರಿನಲ್ಲಿ ಆ ಹೊತ್ತಿಗೆ ಮಾವಿನ ತೋಪಿನ ಗುತ್ತಿಗೆ ಮುಂಗಡ ಕೈಗೆ ಬಂದಿರುತ್ತದೆ. ಅಪ್ಪ ಆ ಹಣವನ್ನು ಮೂರು ಕಂತೆ ಮಾಡಿದ್ದರು. ಒಂದು ಸೊಸೈಟಿ ಸಾಲಕ್ಕೆ, ಇನ್ನೊಂದು ನನ್ನ ಓದಿಗೆ. ಮೂರನೆಯ ಕಂತೆಯ ಮೇಲೆ ಅಣ್ಣನ ಕಣ್ಣಿತ್ತು. ಅವನಿಗೆ ಅದು ಒಂದು ರೈಫಲ್ ಬ್ಯಾರಲ್‌ಗೆ ಬೇಕಿತ್ತು.

‘ಬಂದೂಕು ಐತಲ್ಲಪ್ಪ, ಅದಕ್ಕೆ ಇನ್ನೊಂದು ಕೊಳವೆ ಯಾಕೆ?’ ಎಂದು ಅಪ್ಪ ಕೇಳಿದರು. ಅಣ್ಣನ ಬಳಿ ಉತ್ತರವಿತ್ತು, ಆದರೆ ಅದು ಅಪ್ಪನಿಗೆ ಅರ್ಥವಾಗುವ ಭಾಷೆಯಲ್ಲಿರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, ‘ನೀನೇ ಲೆಕ್ಕ ಹಾಕಿ ಹೇಳಮ್ಮ, ಇದು ಬೇಕೋ ಬೇಡವೋ’ ಎಂದ. ನಾನು ಕೋಲಾರದಲ್ಲಿ ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದೇನೆ. ಎನ್‌ಸಿಸಿಯಲ್ಲಿ ನಾಲ್ಕಾರು ಬಾರಿ ಪಾಯಿಂಟ್ 22 ರೈಫಲ್ ಹಾರಿಸಿದ್ದು ಬಿಟ್ಟರೆ ಬಂದೂಕಿನ ವಿಷಯ ನನಗೆ ಗೊತ್ತಿರಲಿಲ್ಲ. ಒಂದು ವರ್ಷದಿಂದ ಕಲಿಯುತ್ತಿದ್ದೇನೆ. ಕಲಿತದ್ದು ಬಂದೂಕಿಗಿಂತ ಹೆಚ್ಚಾಗಿ ಕಾಯುವುದರ ಬಗ್ಗೆ. ನೋಟಿಫಿಕೇಶನ್‌ಗೆ, ಫಲಿತಾಂಶಕ್ಕೆ, ಕರೆಪತ್ರಕ್ಕೆ ಕಾಯುತ್ತ ಕುಳಿತಿರುವ ನಮ್ಮ ಜಿಲ್ಲೆಯ ಗೆಳೆಯರಿಗೂ ಇದು ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಅಣ್ಣನದು 50 ಮೀಟರ್ ರೈಫಲ್ ತ್ರೀ ಪೊಸಿಷನ್ ಸ್ಪರ್ಧೆ. ಮೊಣಕಾಲೂರಿ 20, ಮಲಗಿ 20, ನಿಂತು 20, ಹೀಗೆ ಒಟ್ಟು 60 ಗುಂಡು. ಗುರಿಪಲಕದ ನಡುವಿನ ಹತ್ತರ ವೃತ್ತದ ಅಡ್ಡಳತೆ 10.4 ಮಿಲಿಮೀಟರ್. ಐವತ್ತು ಮೀಟರ್ ದೂರದಿಂದ ಅದು ಒಂದು ಚುಕ್ಕೆ. ಅಣ್ಣನ ರೈಫಲ್ ಲೈಸೆನ್ಸ್ ಇಟ್ಟುಕೊಂಡು ಹಿರಿಯ ಶೂಟರ್ ಒಬ್ಬರಿಂದ ಕೊಂಡದ್ದು, ಸೆಕೆಂಡ್ ಹ್ಯಾಂಡ್. ಅಂಕ ಒಂದು ಹಂತಕ್ಕೆ ಬಂದು ನಿಂತುಬಿಟ್ಟಿತ್ತು. ‘ಬ್ಯಾರಲ್ ಸವೆದಿದೆ, ವಿದೇಶದಿಂದ ಕಸ್ಟಮ್ ಬ್ಯಾರಲ್ ತರಿಸಿದರೆ ಸರಿಹೋಗುತ್ತದೆ’ ಎಂದು ರೇಂಜಿನಲ್ಲಿ ಯಾರೋ ಹೇಳಿದ್ದರು. ವಿಚಾರಿಸಿದಾಗ ಜೋಡಣೆ, ಸಾಗಣೆ, ಸುಂಕ ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಬರುತ್ತಿತ್ತು. ಬರಲು ಹತ್ತು ತಿಂಗಳು, ಹೆಚ್ಚೂ ಆಗಬಹುದು.

ದುಡ್ಡಿಗಿಂತ ಆ ಹತ್ತು ತಿಂಗಳೇ ನನ್ನನ್ನು ಹೆದರಿಸಿತು. ರೈಲ್ವೆಯ ಕ್ರೀಡಾ ಕೋಟಾ ನೇಮಕಾತಿಗೆ ವಯೋಮಿತಿ 18ರಿಂದ 25. ಅಣ್ಣನಿಗೆ ಆಗ 23 ತುಂಬಿತ್ತು. ಅವನ ಲೆಕ್ಕದಲ್ಲಿ ಬಾಕಿ ಇದ್ದದ್ದು ಎರಡು ಸೀಸನ್. ಅದರಲ್ಲಿ ಒಂದನ್ನು ಕಾಯುವುದರಲ್ಲೇ ಕಳೆದರೆ?

ಬ್ಯಾರಲ್ ತಡವಾಗುವುದೇಕೆ?

ಇದನ್ನು ನನಗೆ ತಿಳಿಸಿದ್ದು ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ಯಂತ್ರ ನಡೆಸುವ ಅಣ್ಣನ ಗೆಳೆಯ. ನಮ್ಮ ಜಿಲ್ಲೆಯಲ್ಲಿ ಬೋರು ಎಂದರೆ ಕೊಳವೆಬಾವಿ. ಸಾವಿರ ಅಡಿ ಕೊರೆದ ಬೋರು ಸೊಟ್ಟಗಾದರೆ ಮೋಟರ್ ಇಳಿಯುವುದಿಲ್ಲ ಎಂಬುದು ಇಲ್ಲಿನ ಶಾಲೆ ಮಕ್ಕಳಿಗೂ ಗೊತ್ತು. ರೈಫಲಿನ ನಳಿಗೆಯ ಒಳಗಿನ ತೂತಿನ ಕಷ್ಟವೂ ಅದೇ, ಅಳತೆ ಮಾತ್ರ ಚಿಕ್ಕದು. ಗಟ್ಟಿ ಉಕ್ಕಿನ ಸರಳಿನ ನಡುವೆ ಉದ್ದಕ್ಕೂ ನೇರವಾಗಿ ಕೊರೆಯಬೇಕು. ಕೊರೆದದ್ದನ್ನು ನುಣುಪು ಮಾಡಬೇಕು. ಆಮೇಲೆ ಒಳಗೋಡೆಯಲ್ಲಿ ಸುರುಳಿಯಾಕಾರದ ಗಾಡಿಗಳನ್ನು ಮೂಡಿಸಬೇಕು. ಗುಂಡು ಬುಗುರಿಯಂತೆ ತಿರುಗುತ್ತ ಹೊರಬರುವುದು ಈ ಗಾಡಿಗಳಿಂದಲೇ. ತಿರುಗಿದರೆ ಮಾತ್ರ ಅದು ತಲೆ ಮುಂದಾಗಿ ಸ್ಥಿರವಾಗಿ ಹಾರುತ್ತದೆ. ಪಾಯಿಂಟ್ 22 ರೈಫಲಿನಲ್ಲಿ ಸಾಮಾನ್ಯವಾಗಿ 16 ಅಂಗುಲಕ್ಕೆ ಒಂದು ಸುತ್ತು.

ಗಾಡಿ ಮೂಡಿಸಲು ಹಲವು ದಾರಿಗಳಿವೆ. ಗಟ್ಟಿ ಲೋಹದ ಗುಂಡಿಯೊಂದನ್ನು ಒಳಗಿಂದ ಎಳೆದು ಅಚ್ಚು ಮೂಡಿಸುವುದು ಒಂದು. ಸಣ್ಣ ಉಳಿಯಿಂದ ಕೂದಲೆಳೆಗಿಂತ ತೆಳುವಾಗಿ, ಮತ್ತೆ ಮತ್ತೆ ಹೆರೆಯುವುದು ಇನ್ನೊಂದು. ಇದರ ನಡುವೆ ಉಕ್ಕಿನೊಳಗಿನ ಒತ್ತಡ ಇಳಿಸಲು ಬಿಸಿ ಮಾಡಿ ನಿಧಾನವಾಗಿ ಆರಿಸುವ ಕೆಲಸವೂ ಇರುತ್ತದೆ. ಕೊನೆಗೆ ಸೀಸದ ಅಚ್ಚಿಗೆ ಉಜ್ಜುಪುಡಿ ಬಳಿದು ಒಳಮೈಯನ್ನು ಕೈಯಿಂದಲೇ ಉಜ್ಜುತ್ತಾರೆ. ಜರ್ಮನಿಯ ಲೋಥರ್ ವಾಲ್ಥರ್, ಅಮೆರಿಕದ ಶಿಲೆನ್, ಕ್ರೀಗರ್, ಬಾರ್ಟ್‌ಲೈನ್ ಈ ಕೆಲಸಕ್ಕೆ ಹೆಸರಾದವು. ಇಂಥ ಕೈಕಸುಬುದಾರರು ಕಡಿಮೆ, ಕೇಳುವವರು ಜಾಸ್ತಿ, ಹಾಗಾಗಿ ಸರದಿ. ನಳಿಗೆ ಬಂದ ಮೇಲೂ ಅದನ್ನು ರೈಫಲಿಗೆ ಅಳತೆ ನೋಡಿ ಕೂರಿಸುವ ಕೆಲಸ ಬೇರೆ. ಇದಕ್ಕೆ ನಮ್ಮ ದೇಶದ ಆಮದು ಕಾಗದಪತ್ರದ ದಿನಗಳನ್ನೂ ಸೇರಿಸಿ.

ಎಲ್ಲ ಕೇಳಿದ ಮೇಲೆ ನಾನೇ ಒಂದು ದಡ್ಡ ಪ್ರಶ್ನೆ ಕೇಳಿದೆ: ‘ನಿಮ್ಮ ವರ್ಕ್‌ಶಾಪಿನಲ್ಲೇ ಮಾಡಿಕೊಡಬಹುದಲ್ಲ?’ ಅವನು ಕೈ ಮುಗಿದ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಮಾತ್ರವಲ್ಲ, ಅದರ ಬಿಡಿಭಾಗವೂ ಬಂದೂಕಿಗೆ ಸಮ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ ವರ್ಷಗಟ್ಟಲೆ ಜೈಲು. ಯೂಟ್ಯೂಬ್ ನೋಡಿ ಹುರುಪುಗೊಳ್ಳುವ ಹುಡುಗರು ಇದನ್ನು ನೆನಪಿಟ್ಟುಕೊಳ್ಳಬೇಕು. ಒಂದು ಎಫ್‌ಐಆರ್ ಸಾಕು, ಕ್ರೀಡೆಯೂ ಹೋಯಿತು, ಸರ್ಕಾರಿ ನೌಕರಿಯೂ ಹೋಯಿತು.

ತಪ್ಪು ಯಾರದು?

ನಮ್ಮ ಕಣ್ಣು ತೆರೆಸಿದವರು ಮುಳಬಾಗಿಲು ತಾಲ್ಲೂಕಿನ ನಿವೃತ್ತ ಹವಾಲ್ದಾರರೊಬ್ಬರು. ಸೇನೆಯಲ್ಲಿದ್ದಾಗ ಶೂಟಿಂಗ್ ತಂಡದಲ್ಲಿದ್ದವರು. ಅಣ್ಣನ ಮಾತು ಪೂರ್ತಿ ಕೇಳಿ, ‘ಕೋವಿ ಮೇಲೆ ಆಮೇಲೆ ಸಿಟ್ಟು ಮಾಡ್ಕೊಳ್ಳೋಣ, ಮೊದಲು ತೊಳಿಯೋಣ’ ಎಂದರು. ಪಾಯಿಂಟ್ 22ರ ಗುಂಡು ಮೆತ್ತನೆಯ ಸೀಸದ್ದು, ವೇಗವೂ ಕಡಿಮೆ. ಅದರಿಂದ ಉಕ್ಕಿನ ನಳಿಗೆ ಬೇಗ ಸವೆಯುವುದಿಲ್ಲ. ಸರಿಯಾಗಿ ನೋಡಿಕೊಂಡರೆ ಹತ್ತಾರು ಸಾವಿರ ಗುಂಡು ತಡೆಯುತ್ತದೆ. ಆದರೆ ಗುಂಡು ಕೂರುವ ಜಾಗದ ಮುಂದೆ ಮಸಿ ಬಳೆಯಂತೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಎಷ್ಟೋ ‘ಸವೆದ’ ನಳಿಗೆಗಳ ನಿಜವಾದ ರೋಗ ಇದೇ ಎಂದರು ಅವರು.

ಮಸಿ ತೆಗೆದದ್ದಾಯಿತು. ರೈಫಲನ್ನು ಮರದ ಹಿಡಿಗೆ ಬಿಗಿಯುವ ಸ್ಕ್ರೂಗಳಲ್ಲಿ ಒಂದು ಸಡಿಲವಾಗಿತ್ತು, ಅದೂ ಸರಿಯಾಯಿತು. ಆಮೇಲೆ ಬೆಂಗಳೂರಿನ ರೇಂಜಿನಲ್ಲಿ ರೈಫಲನ್ನು ಅಲುಗದಂತೆ ಆನಿಸಿಟ್ಟು, ನಾಲ್ಕು ಬೇರೆ ಬೇರೆ ಬ್ಯಾಚಿನ ಗುಂಡುಗಳಿಂದ ಹತ್ತು ಹತ್ತರಂತೆ ಹಾರಿಸಿ ನೋಡಿದೆವು. ಒಂದೇ ಕಂಪನಿಯ ಗುಂಡಾದರೂ ಬ್ಯಾಚ್ ಬದಲಾದರೆ ಫಲಿತಾಂಶ ಬದಲಾಗುತ್ತದೆ. ತೊಳೆಯುವ ಮೊದಲು ಹತ್ತು ಗುಂಡು 24 ಮಿಲಿಮೀಟರ್ ಜಾಗದಲ್ಲಿ ಹರಡುತ್ತಿದ್ದವು. ತೊಳೆದು, ಬಿಗಿದು, ಹೊಂದುವ ಬ್ಯಾಚ್ ಸಿಕ್ಕ ಮೇಲೆ 15. ಒಂದೂವರೆ ಲಕ್ಷದ ಕಾಯಿಲೆಯ ಬಹುಪಾಲು ಒಂದು ಬ್ರಶ್ಶು ಮತ್ತು ಒಂದು ಸ್ಕ್ರೂಡ್ರೈವರ್‌ನಲ್ಲಿ ವಾಸಿಯಾಗಿತ್ತು.

ಇನ್ನು ಲೆಕ್ಕ. ಗುರಿ ತಪ್ಪಲು ಎರಡು ಕಾರಣ: ಕೈಯ ನಡುಕ, ರೈಫಲಿನ ಚದುರುವಿಕೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷಗಳು ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ಇದ್ದಂತೆ. ನಿಂತು ಹೊಡೆಯುವಾಗ ಅಣ್ಣನ ಕೈಯದೇ 60 ಮಿಲಿಮೀಟರ್ ಎಂದಿಟ್ಟುಕೊಂಡೆ. ರೈಫಲಿನದು 15. ಒಟ್ಟು 61.8. ಹೊಸ ನಳಿಗೆ 10 ಮಿಲಿಮೀಟರಿಗೆ ಇಳಿಸಿತು ಎನ್ನೋಣ. ಒಟ್ಟು 60.8. ಒಂದೂವರೆ ಲಕ್ಷ ರೂಪಾಯಿಗೆ ಒಂದು ಮಿಲಿಮೀಟರ್! ಮಲಗಿ ಹೊಡೆಯುವಾಗ ಕೈ ಹೆಚ್ಚು ಸ್ಥಿರ, 18 ಮಿಲಿಮೀಟರ್ ಎಂದರೆ, 23.4 ಇದ್ದದ್ದು 20.6ಕ್ಕೆ ಇಳಿಯುತ್ತದೆ. ಅಲ್ಲಿ ಲಾಭ ಕಣ್ಣಿಗೆ ಕಾಣುತ್ತದೆ. ಅಂದರೆ ನಮ್ಮ ದೋಷ ದೊಡ್ಡದಿದ್ದಾಗ ಉಪಕರಣದ ದೋಷ ಅದರ ನೆರಳಿನಲ್ಲಿ ಮುಚ್ಚಿಹೋಗುತ್ತದೆ. ನಮ್ಮ ದೋಷ ಇಳಿದಂತೆಲ್ಲ ಅದು ತಲೆ ಎತ್ತುತ್ತದೆ.

ಕಾಗದದ ಲೆಕ್ಕವನ್ನು ಮೈದಾನದಲ್ಲಿ ಪರೀಕ್ಷಿಸುವ ದಾರಿಯನ್ನೂ ಹವಾಲ್ದಾರರೇ ಹೇಳಿಕೊಟ್ಟರು. ಗುಂಡು ಹೊಡೆದ ಕೂಡಲೇ, ಪರದೆ ನೋಡುವ ಮೊದಲು, ಅದು ಎಲ್ಲಿಗೆ ಹೋಗಿರಬಹುದೆಂದು ಅಣ್ಣ ಹೇಳಬೇಕು. ‘ಒಂಬತ್ತು, ಬಲಕ್ಕೆ.’ ನಾನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹೇಳಿದ ಕಡೆಗೇ ಗುಂಡು ಹೋಗಿದ್ದರೆ ತಪ್ಪು ಮನುಷ್ಯನದು. ಹತ್ತು ಎಂದು ಹೇಳಿದ್ದು ಒಂಬತ್ತಾಗಿದ್ದರೆ ಮಾತ್ರ ರೈಫಲನ್ನೋ ಗುಂಡನ್ನೋ ಗಾಳಿಯನ್ನೋ ಅನುಮಾನಿಸಬೇಕು. ಮೊದಲ ತಿಂಗಳು ಹತ್ತು ತಪ್ಪಿದ ನೂರು ಗುಂಡುಗಳಲ್ಲಿ 88 ಅಣ್ಣ ಹೇಳಿದ ದಿಕ್ಕಿಗೇ ಹೋಗಿದ್ದವು. ನೋಟ್‌ಬುಕ್ ನೋಡಿದವನು ಆ ದಿನ ಊಟದ ಹೊತ್ತಿನವರೆಗೂ ಮಾತಾಡಲಿಲ್ಲ. ಬ್ಯಾರಲ್ ಆರ್ಡರ್ ಮಾಡಲಿಲ್ಲ. ಅಪ್ಪ ಕೊಟ್ಟ ಹಣದಲ್ಲಿ ಸ್ವಲ್ಪ ಭಾಗ ಗುಂಡಿಗೆ, ರೇಂಜ್ ಶುಲ್ಕಕ್ಕೆ, ಭಾನುವಾರದ ಬಸ್ ಚಾರ್ಜಿಗೆ ಹೋಯಿತು. ಉಳಿದದ್ದು ಬ್ಯಾಂಕಿನಲ್ಲಿ ಕುಳಿತಿತು.

ಹಾಗಾದರೆ ಉಪಕರಣ ಮುಖ್ಯವಲ್ಲವೆ?

ಮುಖ್ಯ. ‘ಕುಣಿಯಲಾರದವಳಿಗೆ ನೆಲ ಡೊಂಕು’ ಎಂದು ಗಾದೆ ಹೇಳಿ ಬಡ ಕ್ರೀಡಾಪಟುಗಳ ಬಾಯಿ ಮುಚ್ಚಿಸುವವರ ಜೊತೆ ನಾನು ನಿಲ್ಲುವುದಿಲ್ಲ. ಕೆಲವೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುತ್ತದೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ 10 ಮೀಟರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಿತು. ಅಮೂಲ್ಯ ನಿಮಿಷಗಳು ಹೋದವು, ಎರಡು ಅಂಕಗಳಿಂದ ಫೈನಲ್ ತಪ್ಪಿತು. ಅದೇ ಮನು 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತಂದರು. ಕೆಟ್ಟುಹೋಗುವ ಉಪಕರಣವನ್ನು ಸಹಿಸಿಕೊಳ್ಳಿ ಎಂದು ಯಾರೂ ಹೇಳಬಾರದು.

ಮೇಲಿನ ಹಂತದಲ್ಲಿ ಒಂದು ಅಂಕದ ಬೆಲೆ ಏನೆಂದು ಪ್ಯಾರಿಸ್‌ನ ತ್ರೀ ಪೊಸಿಷನ್ ಸ್ಪರ್ಧೆಯೇ ತೋರಿಸಿತು. 600ಕ್ಕೆ 590 ಗಳಿಸಿದ ಸ್ವಪ್ನಿಲ್ ಕುಸಾಳೆ ಏಳನೆಯವರಾಗಿ ಫೈನಲ್ ಪ್ರವೇಶಿಸಿದರು. 589 ಗಳಿಸಿದ ಐಶ್ವರಿ ಪ್ರತಾಪ್ ಸಿಂಗ್ ತೋಮರ್ 11ನೆಯವರಾಗಿ ಹೊರಗುಳಿದರು. ಕುಸಾಳೆ ಕಂಚು ಗೆದ್ದರು. ಕೊಲ್ಹಾಪುರ ಜಿಲ್ಲೆಯ ಹಳ್ಳಿಯಿಂದ ಬಂದ ಅವರು ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಕೆಲಸ ಮಾಡುತ್ತಲೇ ಅಭ್ಯಾಸ ಮುಂದುವರಿಸಿದ್ದವರು. ಅಣ್ಣನ ಕೋಣೆಯ ಗೋಡೆಯ ಮೇಲೆ ಇರುವುದು ಅವರ ಚಿತ್ರವೇ. ಆ ಮಟ್ಟದಲ್ಲಿರುವವರಿಗೆ ಒಂದು ಅಂಕ ಉಳಿಸುವ ನಳಿಗೆಗಾಗಿ ವರ್ಷ ಕಾದರೂ ಅದು ದುಬಾರಿಯಲ್ಲ.

ನಮ್ಮ ಕಡೆಯವರೇ ಬೇಕೆಂದರೆ ಸುಮಾ ಶಿರೂರು ಇದ್ದಾರೆ. ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದಲ್ಲಿ; 2007ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ಅದು ನಮ್ಮ ಕೋಲಾರ ಜಿಲ್ಲೆಯದೇ. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 10 ಮೀಟರ್ ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಗಳಿಸಿ ವಿಶ್ವದಾಖಲೆ ಸರಿಗಟ್ಟಿದರು. ಒಳ್ಳೆಯ ರೈಫಲ್ ಇಲ್ಲದೆ ಅದು ಆಗುವುದಿಲ್ಲ, ನಿಜ. ಆದರೆ ಅಷ್ಟೇ ಒಳ್ಳೆಯ ರೈಫಲ್ ಆ ದಿನ ಪಕ್ಕದ ಲೇನಿನವರ ಕೈಯಲ್ಲೂ ಇತ್ತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ದುಬಾರಿ ನಳಿಗೆಗೆ ಕಾಯಬೇಕೆ ಎಂಬ ಪ್ರಶ್ನೆಗೆ ಮೂರು ಉಪಪ್ರಶ್ನೆಗಳಿವೆ. ಇರುವುದನ್ನು ಪೂರ್ತಿ ಸರಿಮಾಡಿ ನೋಡಿದ್ದೀರಾ? ತಪ್ಪುಗಳಲ್ಲಿ ನಿಮ್ಮದೆಷ್ಟು, ಉಪಕರಣದ್ದೆಷ್ಟು ಎಂದು ಬರೆದಿಟ್ಟ ಲೆಕ್ಕ ಇದೆಯೇ? ಅದು ಬರುವವರೆಗೆ ಹಳೆಯದರಲ್ಲೇ ಕೆಲಸ ನಡೆಯುತ್ತದೆಯೇ? ಮೂರಕ್ಕೂ ಹೌದು ಎಂದರೆ ಆರ್ಡರ್ ಮಾಡಿ. ಒಂದಕ್ಕೆ ಇಲ್ಲ ಎಂದರೂ ಹಣ ಬ್ಯಾಂಕಿನಲ್ಲಿರಲಿ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು, ಅದಕ್ಕೆ ಉತ್ತರ ನಮ್ಮ ತೋಪಿನಲ್ಲೇ ಇದೆ. ಕಸಿ ಮಾವು ನೆಟ್ಟರೆ ಫಸಲಿಗೆ ನಾಲ್ಕೈದು ವರ್ಷ ಕಾಯಬೇಕು. ಅಷ್ಟು ದಿನ ಶ್ರೀನಿವಾಸಪುರದ ಯಾವ ರೈತನೂ ಗಿಡ ನೋಡುತ್ತ ಬದುವಿನ ಮೇಲೆ ಕುಳಿತಿರುವುದಿಲ್ಲ. ಸಾಲುಗಳ ನಡುವೆ ರಾಗಿ ಹಾಕುತ್ತಾನೆ, ಅವರೆ ಹಾಕುತ್ತಾನೆ, ಹುರುಳಿ ಚೆಲ್ಲುತ್ತಾನೆ. ಮಾವಿಗೆ ಕಾಯುವುದು ನಿಲ್ಲುವುದಿಲ್ಲ, ಮನೆಯ ಒಲೆಯೂ ಆರುವುದಿಲ್ಲ. ಅಪ್ಪನಿಗೆ ಬ್ಯಾರಲ್ ವಿಷಯ ಅರ್ಥಮಾಡಿಸಲು ನಾನು ಈ ಮಾತು ಹೇಳಿದೆ. ‘ಇದನ್ನ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ’ ಎಂದರು.

ನಾವು ಎಷ್ಟೋ ಜನ ಮಾವಿನ ಸಸಿ ನೆಟ್ಟು ನೆಲವನ್ನು ಬೀಳು ಬಿಟ್ಟಿದ್ದೇವೆ. ಕೆಪಿಎಸ್‌ಸಿ ನೋಟಿಫಿಕೇಶನ್ ಬರಲಿ, ಆಮೇಲೆ ಓದುತ್ತೇನೆ. ಒಳ್ಳೆಯ ಲ್ಯಾಪ್‌ಟಾಪ್ ಬರಲಿ, ಆಮೇಲೆ ಕೋಡಿಂಗ್. ಬೆಂಗಳೂರಿನ ದೊಡ್ಡ ಕೋಚಿಂಗ್‌ನಲ್ಲಿ ಸೀಟು ಸಿಗಲಿ, ಆಮೇಲೆ ತಯಾರಿ. ನರಸಾಪುರದ ಕಾರ್ಖಾನೆಯಲ್ಲಿ ಸಿಗುವ ಕೆಲಸ ‘ನನ್ನ ಓದಿಗೆ ತಕ್ಕುದಲ್ಲ’. ಇದೆಲ್ಲದರಲ್ಲೂ ನ್ಯಾಯ ಇಲ್ಲವೆಂದಲ್ಲ. ನೇಮಕಾತಿಗಳು ವರ್ಷಗಟ್ಟಲೆ ತಡವಾಗುವುದು ನಮ್ಮ ತಪ್ಪಲ್ಲ, ಅದನ್ನು ಕೇಳುವ ಹಕ್ಕು ನಮಗಿದೆ. ಆದರೆ ವಯೋಮಿತಿಯ ಗಡಿಯಾರ ನಮ್ಮ ಹಕ್ಕು ನೋಡಿ ನಿಲ್ಲುವುದಿಲ್ಲ.

ಅಣ್ಣನ ಕಥೆ ಗೆಲುವಿನಲ್ಲಿ ಮುಗಿಯಿತು ಎಂದು ಬರೆಯಲು ನನಗೂ ಆಸೆ. ಕಳೆದ ಸೀಸನ್‌ನಲ್ಲಿ ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಅವನು ತನ್ನ ಜೀವನದ ಅತ್ಯುತ್ತಮ ಅಂಕ ಗಳಿಸಿದ. ಮುಂದಿನ ಹಂತಕ್ಕೆ ಬೇಕಿದ್ದ ಅಂಕಕ್ಕಿಂತ ಎರಡು ಕಡಿಮೆ. ಬಸ್ಸಿನಲ್ಲಿ ಬರುವಾಗ ಕಿಟಕಿ ಕಡೆ ಮುಖ ಮಾಡಿ ಕುಳಿತಿದ್ದ. ಕೋಲಾರ ದಾಟಿದ ಮೇಲೆ ನೋಟ್‌ಬುಕ್ ಕೇಳಿದ. ನಾವಿಬ್ಬರೂ ಕೊನೆಯ ಎರಡು ತಿಂಗಳ ಪುಟಗಳನ್ನು ಎಣಿಸಿದೆವು. ಹತ್ತು ತಪ್ಪಿದ ನೂರು ಗುಂಡುಗಳಲ್ಲಿ ಈಗ ಅವನು ಹೇಳಿದ ಕಡೆಗೆ ಹೋದದ್ದು 65. ಉಳಿದ 35 ಅವನು ಹತ್ತು ಎಂದು ಹೇಳಿ ಒಂಬತ್ತಾದವು. ಅವುಗಳಲ್ಲಿ ಹೆಚ್ಚಿನವು ಗಾಳಿಯಿಲ್ಲದ ದಿನಗಳಲ್ಲಿ, ಮಲಗಿ ಹೊಡೆದವು. ವರ್ಷದ ಹಿಂದೆ ರೈಫಲ್ ಮೇಲೆ ಹೊರಿಸಿದ್ದು ಸುಳ್ಳು ಆರೋಪವಾಗಿತ್ತು. ಈಗ ಸಾಕ್ಷಿ ಇತ್ತು.

ಈ ಸಂಕ್ರಾಂತಿ ಕಳೆದ ಮೇಲೆ ಆರ್ಡರ್ ಮಾಡಿದ್ದಾನೆ. ಈ ಬಾರಿ ಅಪ್ಪನೇ ಬ್ಯಾಂಕಿಗೆ ಜೊತೆಯಲ್ಲಿ ಹೋದರು. ನಳಿಗೆ ಇನ್ನೂ ಬಂದಿಲ್ಲ, ಯಾವಾಗ ಬರುತ್ತದೆಂದು ಗೊತ್ತಿಲ್ಲ. ಅವನಿಗೆ 24 ನಡೆಯುತ್ತಿದೆ, ಕೋಟಾದ ಅರ್ಜಿಗೆ ಉಳಿದಿರುವುದು ಒಂದೇ ಸೀಸನ್. ಅದರೊಳಗೆ ಬರದೆಯೂ ಹೋಗಬಹುದು. ಕೇಳಿದರೆ, ‘ಬರದಿದ್ರೆ ಇದರಲ್ಲೇ ಹೊಡಿತೀನಿ’ ಎನ್ನುತ್ತಾನೆ. ಜೊತೆಗೆ ಕಾನ್‌ಸ್ಟೆಬಲ್ ಪರೀಕ್ಷೆಯ ಪುಸ್ತಕವನ್ನೂ ಈಗ ಬ್ಯಾಗಿನಲ್ಲಿ ಇಟ್ಟುಕೊಂಡಿರುತ್ತಾನೆ.

ನಾಳೆ ಭಾನುವಾರ. ಬೆಳಗಿನ ಮೊದಲ ಬಸ್ಸಿಗೆ ನಾವಿಬ್ಬರೂ ಹೊರಡಬೇಕು. ಲೈಸೆನ್ಸ್ ಪುಸ್ತಕ, ಬೀಗ ಹಾಕಿದ ರೈಫಲ್ ಪೆಟ್ಟಿಗೆ, ಅಮ್ಮ ಕಟ್ಟಿಕೊಟ್ಟ ಬುತ್ತಿ, ಮತ್ತೆ ಹೊಸ ನೋಟ್‌ಬುಕ್. ಹಳೆಯದರಲ್ಲಿ ಹಾಳೆ ಮುಗಿದಿವೆ.